ಎಡಗೈಯಲ್ಲಿ ಹೂ ಕಟ್ಟುವವಳು

ಸುಮಿತ್ರಳ ಮೂವತ್ತೆರಡು ವರ್ಷದ ಸಂಸಾರದಲ್ಲಿ ಗೋಡೆ ಎಂಬುದು ಯಾವಾಗಲೂ ಇನ್ನೊಬ್ಬರದೇ ಆಗಿತ್ತು. ಗಂಡ ದಿನಕರನದು ಬ್ಯಾಂಕಿನ ನೌಕರಿ. ಮೈಸೂರಿನವನನ್ನು ಬ್ಯಾಂಕು ಕೇರಳಕ್ಕೆ ಎತ್ತಿ ಹಾಕಿತು. ಆಮೇಲೆ ತಿರುವನಂತಪುರ, ಕೊಲ್ಲಂ, ಕೊಚ್ಚಿ, ಮತ್ತೆ ಕೊಚ್ಚಿ ಎಂದು ಅಲ್ಲಲ್ಲೇ ಗಾಣದೆತ್ತಿನ ಹಾಗೆ ತಿರುಗಿಸಿತೇ ಹೊರತು ಕಾವೇರಿಯ ಕಡೆಗೆ ಬಿಡಲಿಲ್ಲ. ಒಟ್ಟು ಒಂಬತ್ತು ಬಾಡಿಗೆ ಮನೆ. ಒಂಬತ್ತು ಮಾಲೀಕರೂ ಕೀಲಿಕೈ ಕೊಡುವಾಗ ಹೇಳಿದ್ದು ಒಂದೇ ಮಾತು: ಗೋಡೆಗೆ ಮೊಳೆ ಹೊಡೆಯಬಾರದು.

ಹಿಂದಿನ ಬಾಡಿಗೆಯವರು ಹೊಡೆದು ಬಿಟ್ಟುಹೋದ ಮೊಳೆ ಸಿಕ್ಕರೆ ಅದೇ ಪುಣ್ಯ. ಅದು ಎಲ್ಲಿದೆಯೋ ಅಲ್ಲೇ ಕ್ಯಾಲೆಂಡರು, ಅಡುಗೆಮನೆಯ ಬಾಗಿಲ ಹಿಂದಾದರೂ ಸರಿ. ತಡೆಯಲಾರದೆ ಕದ್ದು ಹೊಡೆದ ಮೊಳೆಯನ್ನು ಮನೆ ಬಿಡುವ ಹಿಂದಿನ ದಿನ ಕಿತ್ತು, ತೂತಿಗೆ ಹಲ್ಲುಜ್ಜುವ ಬಿಳಿ ಪೇಸ್ಟು ಮೆತ್ತಿ, ಒದ್ದೆ ಬೆರಳಿಂದ ಸವರಿ ಬಿಡುವುದು ವರ್ಗಾವಣೆಯ ನೌಕರರ ಹೆಂಡಂದಿರೆಲ್ಲ ಬಲ್ಲ ವಿದ್ಯೆ. ಗೋಡೆ ಕೆನೆ ಬಣ್ಣದ್ದಾದರೆ ಪೇಸ್ಟಿಗೆ ಚಿಟಿಕೆ ಅರಿಸಿನ ಕಲಸಬೇಕು. ಈ ವಿದ್ಯೆಯಲ್ಲಿ ಸುಮಿತ್ರಳನ್ನು ಮೀರಿಸುವವರು ಎರ್ನಾಕುಳಂ ಶಾಖೆಯಲ್ಲಿ ಯಾರೂ ಇರಲಿಲ್ಲ.

ಇಂಥವಳಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸ್ವಂತ ಗೋಡೆ ಬಂತು. ದಿನಕರ ನಿವೃತ್ತನಾಗಿ, ಕೈಗೆ ಬಂದ ಹಣವನ್ನೆಲ್ಲ ಸುರಿದು ಆಲುವದಲ್ಲಿ ನಾಲ್ಕನೆಯ ಅಂತಸ್ತಿನ ಫ್ಲ್ಯಾಟು ಕೊಂಡ. ಮಗಳು ಇಂಚರಾಳಿಗೆ ಕಾಕ್ಕನಾಡಿನ ಐ.ಟಿ. ಪಾರ್ಕಿನಲ್ಲಿ ಕೆಲಸ. ಅವಳು ಮೆಟ್ರೋದಲ್ಲಿ ಹೋಗಿಬರಲಿ ಎಂಬುದು ಹೊರಗೆ ಹೇಳಿದ ಕಾರಣ. ಇನ್ನೊಂದು ಮನೆ ಬದಲಾಯಿಸುವ ತ್ರಾಣ ಇಬ್ಬರಿಗೂ ಇರಲಿಲ್ಲ ಎಂಬುದು ನಿಜವಾದ ಕಾರಣ. ಗೃಹಪ್ರವೇಶದ ಮರುದಿನ ಸುಮಿತ್ರ ಹಾಲಿನ ದೊಡ್ಡ ಗೋಡೆಯ ಮುಂದೆ ನಿಂತು ಅಂಗೈಯಿಂದ ಅದನ್ನು ಸವರಿದಳು.

"ಏನೇ, ಗೋಡೆಗೆ ಜ್ವರ ಬಂದಿದ್ಯಾ ನೋಡ್ತಿದ್ದೀಯಾ?" ಎಂದ ದಿನಕರ.

"ಇಲ್ಲೊಂದು ಪಟ ಹಾಕ್ಬೇಕು ಕಣ್ರೀ. ಒಳ್ಳೆ ಕಟ್ಟು ಹಾಕ್ಸಿ."

ಮಗಳು ಸೋಫಾದಿಂದಲೇ ಫೋನು ಚಾಚಿದಳು. ಇಂಚರಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಾಲಗೆಗೆ ಮಾತ್ರ ಬರುವುದಿಲ್ಲ. "ಅಮ್ಮಾ, ಇದು ನೋಕ್ಕ್. ಸೆಟ್ ಆಫ್ ತ್ರೀ. ಇಪ್ಪೋ ಇದಾಣ್ ಟ್ರೆಂಡ್," ಎಂದು ಈಗಿನ ಫ್ಯಾಷನ್ನನ್ನು ಮಲಯಾಳದಲ್ಲೇ ಸಾರಿದಳು. ಮೂರು ಚೌಕಟ್ಟು, ಮೂರರಲ್ಲೂ ಒಂದೊಂದು ಚಿನ್ನದ ಬಣ್ಣದ ಎಲೆ. ಸುಮಿತ್ರ ಕನ್ನಡಕ ಏರಿಸಿ ನೋಡಿ, "ಊಟ ಬಡಿಸೋಕೆ ಮರೆತುಹೋಗಿರೋ ಎಲೆಗಳ ಹಾಗಿವೆ," ಎಂದು ಹಿಂದಕ್ಕೆ ಕೊಟ್ಟಳು. ಅವಳಿಗೆ ಬೇಕಾಗಿದ್ದ ಪಟ ಒಂದೇ. ಅದನ್ನು ಕೊನೆಯ ಸಲ ನೋಡಿ ಇಪ್ಪತ್ತೆಂಟು ವರ್ಷವಾಗಿತ್ತು.

ಆ ಪಟವಿದ್ದದ್ದು ತಿರುವನಂತಪುರದ ಕರಮನದಲ್ಲಿ, ಅವರ ಮೊದಲ ಬಾಡಿಗೆ ಮನೆಯ ಮಾಲೀಕರ ಹಜಾರದಲ್ಲಿ. ಹಳೆಯ ಹೆಂಚಿನ ಮನೆ. ಅದರ ಪಕ್ಕದ ಎರಡು ಕೋಣೆಯನ್ನು ದಿನಕರನಿಗೆ ಕೊಟ್ಟಿದ್ದರು. ಮಾಲೀಕರ ಹಜಾರಕ್ಕೂ ಇವರ ಮಲಗುವ ಕೋಣೆಗೂ ನಡುವೆ ಒಂದು ಬಾಗಿಲು. ಅದು ಎರಡು ತುಂಡಿನ ಬಾಗಿಲು. ಕೆಳಗಿನ ಅರ್ಧಕ್ಕೆ ಯಾವಾಗಲೂ ಅಗುಳಿ, ಮೇಲಿನ ಅರ್ಧ ಮಾತ್ರ ಹಗಲೆಲ್ಲ ತೆರೆದಿರುತ್ತಿತ್ತು; ಗಾಳಿಗಿರಬೇಕು ಎಂದು ಸುಮಿತ್ರ ಅಂದುಕೊಂಡಿದ್ದಳು. ಸುಮಿತ್ರಳ ತವರಿನವರು ಕೊಟ್ಟ ಕನ್ನಡಿಯ ಬೀರು ಮೈಸೂರಿನಿಂದ ಲಾರಿಯಲ್ಲಿ ಬಂದಾಗ ಎಲ್ಲೂ ಹಿಡಿಸದೆ ಮೂಲೆಯಲ್ಲಿ ಓರೆಯಾಗಿ ನಿಂತಿತು. ಅದರ ಮುಂದೆ ತಲೆ ಬಾಚಲು ನಿಂತಾಗಲಷ್ಟೇ ಅವಳಿಗೆ ಆ ಪಟ ಕಾಣುತ್ತಿತ್ತು.

ಜಗಲಿಯ ಮೆಟ್ಟಿಲ ಮೇಲೆ ಬಿಳಿ ಮುಂಡು ಉಟ್ಟ ಹೆಂಗಸೊಬ್ಬಳು ಕೂತಿದ್ದಾಳೆ. ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಮಲ್ಲಿಗೆ ಕಟ್ಟುತ್ತಿದ್ದಾಳೆ. ಪಕ್ಕದಲ್ಲಿ ಮೊಗ್ಗಿನ ರಾಶಿ, ಹಿಂದೆ ಮರದ ಕಂಬ, ಕಂಬದ ಬುಡದಲ್ಲಿ ನಿದ್ದೆಹೋದ ಬೆಕ್ಕು. ಹಳೆಯ ಪಟಗಳನ್ನೆಲ್ಲ ಸಾರಾಸಗಟಾಗಿ ರವಿವರ್ಮನ ಪಟ ಎಂದುಬಿಡುವುದು ಮೈಸೂರಿನ ಕಡೆಯ ರೂಢಿ. ಸುಮಿತ್ರಳೂ ಮೊದಲು ಹಾಗೆಯೇ ಅಂದುಕೊಂಡಳು. ಒಂದು ವಾರವಾದ ಮೇಲೆ, ಬಾಚಣಿಗೆ ಕೂದಲಲ್ಲೇ ನಿಂತಿತು. ಆ ಹೆಂಗಸು ಹೂವಿನ ಗಂಟು ಹಾಕುತ್ತಿದ್ದದ್ದು ಎಡಗೈಯಲ್ಲಿ.

ಇದರಲ್ಲೇನು ವಿಶೇಷ ಎನ್ನಬೇಡಿ. ಸುಮಿತ್ರ ಹುಟ್ಟಾ ಎಡಚಿ. ಅವಳು ಬಳಪ ಹಿಡಿದ ದಿನದಿಂದ ಅಜ್ಜಿಯ ಸೌಟು ಆ ಎಡಗೈಯ ಬೆನ್ನು ಬಿಟ್ಟಿರಲಿಲ್ಲ. ಊಟಕ್ಕೆ ಬಲಗೈಯನ್ನು ಹೇಗೋ ಒಗ್ಗಿಸಿಕೊಂಡಳು. ಉಳಿದದ್ದೆಲ್ಲ ಎಡಗೈಗೇ ಓಡಿ ಬರುತ್ತಿತ್ತು. ಮದುವೆಯಾದ ವರ್ಷದ ಗೌರಿಹಬ್ಬದಲ್ಲಿ ಅವಳು ಮೂರು ಮೊಳ ಮಲ್ಲಿಗೆ ಕಟ್ಟಿ ದೇವರ ಮುಂದಿಟ್ಟಾಗ ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ, "ಎಡಗೈಲಿ ಕಟ್ಟಿದ್ದು ದೇವರಿಗಾಗಲ್ಲ, ಬೇಕಾದ್ರೆ ಮುಡ್ಕೋ," ಎಂದು ಬಂದವರ ಎದುರಿಗೇ ಹೇಳಿದ್ದರು. ಅವತ್ತಿನಿಂದ ಸುಮಿತ್ರ ಹೂ ಕಟ್ಟುವುದನ್ನೇ ಬಿಟ್ಟಿದ್ದಳು. ಈಗ ನೋಡಿದರೆ ಇಲ್ಲೊಬ್ಬಳು, ಪಟದಲ್ಲಿ ಬರೆಸಿಕೊಳ್ಳುವಷ್ಟು ಚೆಲುವೆ, ಯಾರ ಹಂಗೂ ಇಲ್ಲದೆ ಎಡಗೈಯಲ್ಲಿ ಹೂ ಕಟ್ಟುತ್ತಾ ಕೂತಿದ್ದಾಳೆ.

ಇಪ್ಪತ್ತಾರರ ಸುಮಿತ್ರಳಿಗೆ ಆ ಊರಲ್ಲಿ ಭಾಷೆ ಬರುತ್ತಿರಲಿಲ್ಲ. ದಿನಕರ ಬೆಳಿಗ್ಗೆ ಹೋದರೆ ರಾತ್ರಿಯೇ. ಅವಳು ಪಟದವಳ ಜೊತೆ ಮಾತಿಗಿಳಿದಳು. "ಏನಮ್ಮಾ, ನಿಮ್ಮತ್ತೆ ಏನೂ ಅನ್ನಲ್ವಾ?" ಎಂದು ಕೇಳುತ್ತಿದ್ದಳು. ಅವಳ ಅತ್ತೆ ಏನೂ ಅನ್ನುವುದಿಲ್ಲ ಎಂದೇ ತೋರುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಸುಮಿತ್ರ ಮಾರುಕಟ್ಟೆಯಿಂದ ಮೊಗ್ಗು ತಂದು, ಬಾಳೆನಾರು ಸೀಳಿ, ಮತ್ತೆ ಹೂ ಕಟ್ಟತೊಡಗಿದಳು.

ಆಮೇಲಿನ ಬದುಕಿಗೆಲ್ಲ ಅದೇ ಅಡಿಪಾಯವಾಯಿತು. ಕೊಚ್ಚಿಗೆ ಬಂದ ಮೇಲೆ ಅವಳು ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷ ನಡೆಸಿದಳು. ಕರಿಹಲಗೆಯ ಮೇಲೆ ಎಡಗೈಯಲ್ಲೇ ಬರೆದಳು. ಮಗುವಿನ ಎಡಗೈಗೆ ಹೊಡೆಯುವ ತಾಯಂದಿರನ್ನು ಕರೆದು ಕೂರಿಸಿ, ಆ ಪಟದ ಕಥೆ ಹೇಳಿ ಕಳಿಸುತ್ತಿದ್ದಳು. ಇಂಚರಾ ಎಡಗೈಯಲ್ಲಿ ಪೆನ್ಸಿಲು ಹಿಡಿದಾಗ ಅತ್ತೆ ಮೈಸೂರಿನಿಂದ ಬಂದು ತಿದ್ದಲು ಹೊರಟರು. ಅದುವರೆಗೆ ಎದುರಾಡದ ಸೊಸೆ, "ಅವಳ ಕೈ ಮುಟ್ಟಬೇಡಿ ಅತ್ತೆ," ಎಂದುಬಿಟ್ಟಳು. ಆ ಧೈರ್ಯ ಬಂದದ್ದು ಎಲ್ಲಿಂದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಟ ಹುಡುಕಿಕೊಂಡು ಅವಳು ಹೋದದ್ದು ಆಲುವ ಮಾರುಕಟ್ಟೆಯ ಹಿಂದಿನ ಹಂಸಾನ ಅಂಗಡಿಗೆ. ಹಂಸಾಗೆ ಅರವತ್ತು ದಾಟಿದೆ. ಮದುವೆಯ ಫೋಟೋ, ಮಕ್ಕಾದ ಪಟ, ಯೇಸುವಿನ ಪಟ, ಗುರುವಾಯೂರಪ್ಪ ಎಲ್ಲಕ್ಕೂ ಒಂದೇ ಭಕ್ತಿಯಿಂದ ಕಟ್ಟು ಹಾಕುವವನು. ಈಗೀಗ ಹಳೆಯ ತೈಲಚಿತ್ರಗಳ ನಕಲುಗಳನ್ನೂ ಇಟ್ಟಿದ್ದಾನೆ. ದಪ್ಪ ಆಲ್ಬಮ್ಮಿನಲ್ಲಿ ಸಣ್ಣ ಚಿತ್ರ ನೋಡಿ ಆರಿಸಿದರೆ, ಬೇಕಾದ ಅಳತೆಗೆ ಕ್ಯಾನ್ವಾಸಿನ ಮೇಲೆ ಪ್ರಿಂಟು ತೆಗೆಸಿ ಚೌಕಟ್ಟು ಕೂರಿಸಿ ಕೊಡುತ್ತಾನೆ. ಮಾತೆಲ್ಲ ಮಲಯಾಳದಲ್ಲೇ ನಡೆಯಿತು; ಅವನು ಅವಳಿಗೆ ಇಕ್ಕಾ, ಅಂದರೆ ಅಣ್ಣ, ಅವಳು ಅವನಿಗೆ ಚೇಚಿ, ಅಂದರೆ ಅಕ್ಕ. ಸುಮಿತ್ರಳ ಮಲಯಾಳ ಈಗ ಎಷ್ಟು ಪಳಗಿದೆಯೆಂದರೆ, ಅವಳು ಜಗಳವಾಡಿದಾಗ ಮಾತ್ರ ಹೊರಗಿನವಳೆಂದು ಗೊತ್ತಾಗುತ್ತದೆ.

ಮೂರು ಆಲ್ಬಮ್ ಮುಗಿದ ಮೇಲೆ ನಾಲ್ಕನೆಯದರಲ್ಲಿ ಸಿಕ್ಕಿತು. ಮೆಟ್ಟಿಲು, ಮಲ್ಲಿಗೆ, ಕಂಬ, ಬೆಕ್ಕು. ಸುಮಿತ್ರ ಕನ್ನಡಕ ಒರೆಸಿ ಮತ್ತೆ ನೋಡಿದಳು. ಎಲ್ಲ ಸರಿ, ಹೆಂಗಸು ಹೂ ಕಟ್ಟುತ್ತಿದ್ದದ್ದು ಮಾತ್ರ ಬಲಗೈಯಲ್ಲಿ.

"ಇದಲ್ಲ ಇಕ್ಕಾ. ಇದರ ಹಾಗೇ ಇನ್ನೊಂದಿದೆ. ಅದರಲ್ಲಿ ಅವಳು ಎಡಚಿ."

"ಇನ್ನೊಂದು ಇಲ್ಲ ಚೇಚಿ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಈ ಚಿತ್ರ ಬರೆದವರು ಯಾರು ಅನ್ನೋದೇ ಗೊತ್ತಿಲ್ಲ, ಹಳೇ ಪ್ರಿಂಟಿನಿಂದ ತೆಗೆದದ್ದು. ಆದರೆ ಇರೋದು ಇದೊಂದೇ."

"ನಾನು ವರ್ಷಗಟ್ಟಲೆ ನೋಡಿದ್ದೀನಿ!"

ಹಂಸಾ ಗಿರಾಕಿಯ ಜೊತೆ ವಾದಿಸುವವನಲ್ಲ. "ಅದಕ್ಕೇನು, ಎಡಗೈ ಬೇಕಾ? ಕಂಪ್ಯೂಟರಿನಲ್ಲಿ ಒಂದು ಸಲ ತಿರುಗಿಸಿದರಾಯಿತು, ಎಡಗೈ ಆಗುತ್ತೆ," ಎಂದ.

ಸುಮಿತ್ರಳಿಗೆ ಸಿಟ್ಟು ನೆತ್ತಿಗೇರಿತು. "ತಿರುವಿ ಹಾಕೋಕೆ ಇದೇನು ದೋಸೆಯಾ? ನನಗೆ ನಿಜವಾದದ್ದು ಬೇಕು," ಎಂದು ಚೀಲ ಎತ್ತಿಕೊಂಡು ಬಂದುಬಿಟ್ಟಳು.

ಮನೆಯಲ್ಲಿ ದಿನಕರ ನಕ್ಕ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಫ್ಲ್ಯಾಟ್ ತಗೊಂಡು ಕೈ ಖಾಲಿ ಆಗಿದೆ, ನಿನಗೆ ಮಲ್ಲಿಗೆ ಯಾವ ಕೈಲಿ ಕಟ್ತಾಳೆ ಅನ್ನೋ ಚಿಂತೆ. ನೀನೇ ಎಡಚಿ, ಅವಳೂ ಎಡಚಿ ಅಂತ ನೆನೆಸ್ಕೊಂಡಿದ್ದೀಯ ಅಷ್ಟೇ."

ಅವನು ತಮಾಷೆಗೆ ಅಂದದ್ದು. ಅವಳಿಗೆ ಮಾತ್ರ ಅದು ಮುಳ್ಳಿನಂತೆ ನೆಟ್ಟಿತು. ನೆನೆಸಿಕೊಂಡದ್ದೇ? ಹಾಗಾದರೆ ಅಷ್ಟು ಜನ ತಾಯಂದಿರಿಗೆ ಹೇಳಿದ ಕಥೆ? ಅತ್ತೆಯ ಮುಂದೆ ನಿಂತ ಆ ದಿನ? ಒಂಟಿಯಾಗಿದ್ದ ಹುಡುಗಿಯೊಬ್ಬಳು ಕಟ್ಟಿಕೊಂಡ ಸುಳ್ಳಿನ ಮೇಲೆ ಇಡೀ ಆಯುಷ್ಯ ನಿಂತಿತ್ತೇ? ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಅದು ನಿಜವೋ ಸುಳ್ಳೋ ಎಂದು ಹೇಳಬಲ್ಲವರು ಒಬ್ಬರೇ ಇದ್ದರು, ಕರಮನದ ಮನೆಯೊಡತಿ ಕಮಲ ಚೇಚಿ. ಅವಳ ಮುಖ ನೋಡುವ ಯೋಗ್ಯತೆಯನ್ನು ಸುಮಿತ್ರ ಇಪ್ಪತ್ತೆಂಟು ವರ್ಷದ ಹಿಂದೆಯೇ ಕಳೆದುಕೊಂಡಿದ್ದಳು.

ಕಮಲ ಚೇಚಿ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಸುಮಿತ್ರಳಿಗೆ ಮಲಯಾಳ ಕಲಿಸಿದವಳು ಅವಳೇ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ, ಒಂದೊಂದು ಬಟ್ಟೆಗೂ ಒಂದೊಂದು ಮಾತು ಹೇಳಿಕೊಟ್ಟು, ಮರುದಿನ ಅದೇ ಬಟ್ಟೆ ತೋರಿಸಿ ಪರೀಕ್ಷೆ ಮಾಡುತ್ತಿದ್ದಳು. ಹಿತ್ತಲಲ್ಲಿ ಇಷ್ಟು ಸಲಿಗೆಯಿದ್ದರೂ ಒಳಗಿನ ಹಜಾರಕ್ಕೆ ಮಾತ್ರ ಸುಮಿತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಲ್ಲಿ ಕಮಲ ಚೇಚಿಯ ಮಾವ ಹಾಸಿಗೆ ಹಿಡಿದು ಮಲಗಿದ್ದರು. ಕಾಹಿಲೆಯ ಹಿರಿಯರಿದ್ದಲ್ಲಿಗೆ ಹೊರಗಿನ ಹೆಂಗಸು ಹೋಗುವುದೆಂತು? ಬಾಡಿಗೆ ಹಣವನ್ನು ದಿನಕರ ಜಗಲಿಯಲ್ಲೇ ಕೊಟ್ಟು ಬರುತ್ತಿದ್ದ.

ನಾಲ್ಕನೆಯ ವರ್ಷದ ಒಂದು ಮಧ್ಯಾಹ್ನ ಸುಮಿತ್ರ ಸ್ನಾನ ಮುಗಿಸಿ ಸೀರೆ ಸುತ್ತಿಕೊಳ್ಳುತ್ತಿದ್ದಾಗ ಹಜಾರದಿಂದ ಎರಡು ಕಣ್ಣು ತನ್ನನ್ನೇ ನೋಡುತ್ತಿರುವುದು ಕಂಡಿತು. ಕಮಲ ಚೇಚಿ ಸ್ಟೂಲಿನ ಮೇಲೆ ಕೂತು, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಓ, ಇದಕ್ಕೇ ಮೇಲಿನ ಕದ ಯಾವಾಗಲೂ ತೆರೆದಿರುತ್ತದೆ ಎಂದು ಸುಮಿತ್ರಳಿಗೆ ಒಮ್ಮೆಲೇ ಹೊಳೆಯಿತು. ಬಾಡಿಗೆಯವರು ಗೋಡೆಗೆ ಮೊಳೆ ಹೊಡೆದರೋ, ಏನು ಅಡುಗೆ ಮಾಡಿದರೋ, ಎಲ್ಲದರ ಕಾವಲು! ಮರುದಿನ ಹಿತ್ತಲಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರಿದ್ದರು. ಅವರ ಎದುರಿಗೇ, ಕಮಲ ಚೇಚಿಯೇ ಕಲಿಸಿದ ಮಾತಿನಲ್ಲಿ, ಸುಮಿತ್ರ ಹೇಳಿದಳು: "ನಾವು ಕೊಡೋದು ಮನೆಗೆ ಬಾಡಿಗೆ. ನಿಮ್ಮ ಕಳ್ಳಗಣ್ಣಿಗಲ್ಲ. ಆ ಕದ ಮುಚ್ಚಿಕೊಳ್ಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಮಲ ಚೇಚಿ ಕೈಯಲ್ಲಿದ್ದ ಒದ್ದೆ ಟವಲನ್ನು ಎರಡು ಸಲ ಹಿಂಡಿ ಒಣಹಾಕಿ ಒಳಗೆ ಹೋದಳು. ಅಂದು ಸಂಜೆ ಆ ಕಡೆಯಿಂದ ಮೇಲಿನ ಕದ ಮುಚ್ಚಿಕೊಂಡಿತು, ಅಗುಳಿ ಬಿದ್ದ ಸದ್ದೂ ಕೇಳಿತು. ಪಟದವಳೂ ಆ ಕಡೆಯೇ ಉಳಿದಳು. ಐದು ವಾರದಲ್ಲಿ ಕೊಲ್ಲಂಗೆ ವರ್ಗವಾಯಿತು. ಲಾರಿ ಹೊರಡುವಾಗ ಗೇಟಿಗೆ ಯಾರೂ ಬರಲಿಲ್ಲ.

"ನಾನೂ ಬರ್ಲಾ?" ಎಂದು ದಿನಕರ ಕೇಳಿದ್ದಕ್ಕೆ, "ಬೇಡ, ಬಾಯಿ ಬಿಟ್ಟೋಳು ನಾನು," ಎಂದು ಹೇಳಿ ಸುಮಿತ್ರ ಮೂರನೆಯ ದಿನ ತಿರುವನಂತಪುರದ ಬೆಳಗಿನ ರೈಲು ಹತ್ತಿದಳು. ಚೀಲದಲ್ಲಿ ಅರ್ಧ ಕಿಲೋ ಮೈಸೂರುಪಾಕು, ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ. ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಜೋಡಿಸಿಕೊಂಡಳು. ಕೊಲ್ಲಂ ದಾಟುವ ಹೊತ್ತಿಗೆ ಜೋಡಿಸಿದ್ದೆಲ್ಲ ಕಲಸಿಹೋಗಿತ್ತು.

ಕರಮನದ ಮನೆಗೆ ಹೊಸ ಬಣ್ಣ, ಹೆಂಚು ಅದೇ. ಅವರು ಬಾಡಿಗೆಗಿದ್ದ ಭಾಗದ ಮುಂದೆ ಈಗ ಟೈಲರಿಂಗಿನ ಬೋರ್ಡು. ಹೊಲಿಗೆ ಯಂತ್ರದಿಂದ ಎದ್ದು ಬಂದವಳು ಕಮಲ ಚೇಚಿಯ ಮಗಳು ಇಂದುಮತಿ. ಸುಮಿತ್ರ ನೋಡಿದಾಗ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. "ಅಮ್ಮಾ, ಯಾರು ಬಂದಿದ್ದಾರೆ ನೋಡು," ಎಂದು ಕೂಗಿ ಅವಳು ಸುಮಿತ್ರಳನ್ನು ನೇರವಾಗಿ ಹಜಾರಕ್ಕೆ ಕರೆದೊಯ್ದಳು.

ಮಾವನ ಮಂಚವಿದ್ದ ಜಾಗದಲ್ಲಿ ಈಗ ಬೆತ್ತದ ಕುರ್ಚಿ. ಅದರಲ್ಲಿ ಎಪ್ಪತ್ತೆಂಟರ ಕಮಲ ಚೇಚಿ, ತಲೆ ಪೂರ್ತಿ ಬೆಳ್ಳಗಾಗಿದೆ. ಸುಮಿತ್ರ ಅವಳ ಮುಖ ನೋಡಬೇಕಿತ್ತು. ಆದರೆ ಕಣ್ಣು ಮೊದಲು ಗೋಡೆಗೆ ಹೋಯಿತು. ಪಟ ಅಲ್ಲೇ ಇತ್ತು. ಚೌಕಟ್ಟಿನ ಚಿನ್ನದ ಬಣ್ಣ ಅಲ್ಲಲ್ಲಿ ಉದುರಿತ್ತು. ಮೆಟ್ಟಿಲು, ಮೊಗ್ಗು, ಬೆಕ್ಕು. ಹೆಂಗಸು ಬಲಗೈಯಲ್ಲಿ ಗಂಟು ಹಾಕುತ್ತಿದ್ದಳು.

ಹಂಸಾ ಹೇಳಿದ್ದೇ ಸರಿ, ದಿನಕರ ಹೇಳಿದ್ದೂ ಸರಿ. ಸುಮಿತ್ರ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಇಪ್ಪತ್ತೆಂಟು ವರ್ಷದ ಮೇಲೆ ಬಂದವಳು ಕ್ಷಮೆ ಕೇಳುವುದನ್ನು ಬಿಟ್ಟು, ಪಟದತ್ತ ಕೈ ತೋರಿಸಿ, "ಚೇಚಿ, ಇವಳು ಎಡಚಿ ಅಲ್ವಾ?" ಎಂದು ಮಗುವಿನ ಹಾಗೆ ಕೇಳಿಬಿಟ್ಟಳು. ಕೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

ಕಮಲ ಚೇಚಿಯ ಬೊಚ್ಚು ಬಾಯಿ ಅಗಲವಾಯಿತು.

"ಅಯ್ಯೋ ಕುಟ್ಟಿ! ನೀನು ಇವಳನ್ನು ನೋಡಿದ್ದೆಲ್ಲ ಕನ್ನಡಿಯಲ್ಲಲ್ವಾ?"

ಸುಮಿತ್ರ ಕಣ್ಣೊರೆಸಿಕೊಂಡಳು.

"ನಾನೂ ಮೊದಮೊದಲು ತಲೆ ಕೆಡಿಸಿಕೊಂಡಿದ್ದೆ. ಹಿತ್ತಲಲ್ಲಿ ನೀನು ಬಟ್ಟೆ ಹಿಂಡೋದು ಎಡಗೈಲಿ. ಇಲ್ಲಿ ಕೂತು ನಿನ್ನ ಬೀರಿನ ಕನ್ನಡಿ ನೋಡಿದರೆ ಬಲಗೈಲಿ ತಲೆ ಬಾಚ್ತಿದ್ದೆ. ಇದೇನು ಈ ಹುಡುಗಿಗೆ ಎರಡು ಕೈಯೂ ಬರುತ್ತಾ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಬಾ, ತೋರಿಸ್ತೀನಿ."

ಕಮಲ ಚೇಚಿ ಕೋಲೂರಿ ಎದ್ದು, ನಡುಬಾಗಿಲಿನ ಮೇಲಿನ ಕದವನ್ನು ತೆರೆದಳು. ಆಮೇಲೆ ಜಗಲಿಯಿಂದ ಸುತ್ತಿ ಇಬ್ಬರೂ ಆ ಕೋಣೆಗೆ ಹೋದರು. ಬೀರು ಇದ್ದ ಮೂಲೆಯಲ್ಲಿ ಈಗ ಗಿರಾಕಿಗಳು ಬ್ಲೌಸು ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿ, ಅದೇ ಓರೆಯಲ್ಲಿ. ಸುಮಿತ್ರಳ ಕಾಲುಗಳು ತಾವಾಗಿ ಹಳೆಯ ಜಾಗಕ್ಕೆ ಹೋಗಿ ನಿಂತವು. ಕನ್ನಡಿಯೊಳಗೆ, ತೆರೆದ ಕದದ ಆಚೆ, ಜಗಲಿಯ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಎಡಗೈಯಲ್ಲಿ ಹೂ ಕಟ್ಟುತ್ತಿದ್ದಳು.

ಇಪ್ಪತ್ತು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ. ನೆನಪು ಪಟವನ್ನು ಇಟ್ಟುಕೊಂಡು ಕನ್ನಡಿಯನ್ನು ಎಲ್ಲೋ ಬಿಟ್ಟುಬಿಟ್ಟಿತ್ತು. ಸುಮಿತ್ರ ನಕ್ಕಳು, ಅತ್ತಳು, ಯಾವುದು ಮೊದಲೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ವಿಷಯ ತಲೆಗೆ ಬಂದು ನಗು ನಿಂತಿತು.

"ಹಾಗಾದ್ರೆ ನೀವು ನನ್ನ ನೋಡ್ತಿದ್ದದ್ದು ನಿಜ."

"ನಿಜವೇ." ಕಮಲ ಚೇಚಿ ಕಟಿಂಗ್ ಮೇಜಿಗೆ ಒರಗಿದಳು. "ನೀನು ಬಂದಾಗ ಒಂದು ಪಟ ತೂಗುಹಾಕೋಕೆ ಮೊಳೆ ಹೊಡೀಲಾ ಅಂತ ಕೇಳಿದ್ದೆ, ನೆನಪಿದೆಯಾ? ನಮ್ಮನೆಯವರು ಆಗಲ್ಲ ಅಂದ್ರು. ನಿನ್ನ ಮುಖ ಇಷ್ಟಾಯ್ತು. ಆಮೇಲೊಂದು ದಿನ ನೋಡ್ತೀನಿ, ಕನ್ನಡಿ ಮುಂದೆ ನಿಂತು ನೀನು ಈ ಪಟದ ಜೊತೆ ಮಾತಾಡ್ತಾ ಇದ್ದೀಯ, ನಗ್ತಾ ಇದ್ದೀಯ. ಭಾಷೆ ಬಾರದ ಹುಡುಗಿಗೆ ಜೊತೆ ಒಂದು ಸಿಕ್ತಲ್ಲ ಅನ್ನಿಸ್ತು. ಅದಕ್ಕೇ ಕದ ತೆಗೆದಿಡ್ತಿದ್ದೆ."

"ಗಾಳಿಗೆ ಅಂತ ಅಲ್ವಾ?"

"ಗಾಳಿ ಮಾವನಿಗೆ ಆಗ್ತಿರಲಿಲ್ಲ. ಕದ ಹಾಕು ಹಾಕು ಅಂತ ದಿನಾ ಬೈತಿದ್ದರು. ನಾನೆದ್ದು ಹೋದರೆ ಯಾರಾದರೂ ಹಾಕಿಬಿಡ್ತಾರೆ ಅಂತಲೇ ಸ್ಟೂಲ್ ಹಾಕ್ಕೊಂಡು ಬಾಗಿಲಲ್ಲೇ ಕೂರ್ತಿದ್ದೆ. ನೀನು ನಗ್ತಿದ್ದೀಯಾ ಅಂತ ಆಗಾಗ ನೋಡ್ತಿದ್ದೆ, ಅಷ್ಟೇ. ಗೋಡೆ ನನ್ನದಾಗಿರಲಿಲ್ಲ ಕುಟ್ಟಿ, ನಿನಗೊಂದು ಮೊಳೆ ಕೊಡೋಕೆ ನನ್ನ ಕೈಲಾಗಲಿಲ್ಲ. ಕದ ಒಂದು ನನ್ನ ಕೈಲಿತ್ತು."

ಸುಮಿತ್ರ ನಿಂತಲ್ಲೇ ಬಗ್ಗಿ ಅವಳ ಕಾಲು ಹಿಡಿದಳು. ಹಿತ್ತಲಲ್ಲಿ ಆಡಿದ ಮಾತು, ಎರಡು ಸಲ ಹಿಂಡಿದ ಆ ಒದ್ದೆ ಟವಲು ಎಲ್ಲ ಎದೆಗೆ ಬಂದು ನಿಂತಿತು. "ನಾನು ಪಾಪಿ ಚೇಚಿ. ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ನೀನು ನಾಚಿಕೊಂಡು ಪಟ ನೋಡೋದನ್ನೇ ಬಿಡ್ತಿದ್ದೆ. ಸಿಟ್ಟೂ ಬಂದಿತ್ತು ನನಗೆ, ಸುಳ್ಳು ಹೇಳಬಾರದು. ಲಾರಿ ಹೊರಡೋ ಸದ್ದು ಕೇಳಿ ಗೇಟಿನ ತನಕ ಬಂದೆ. ಅಷ್ಟರಲ್ಲಿ ತಿರುವು ದಾಟಿತ್ತು." ಅವಳು ಸುಮಿತ್ರಳ ತಲೆ ತಟ್ಟಿದಳು. "ಏಳು. ಚೀಲದಲ್ಲಿ ಮಲ್ಲಿಗೆ ವಾಸನೆ ಬರ್ತಿದೆ, ನನಗೇ ತಂದದ್ದಾದರೆ ಮುಡಿಸು."

ಬಿಳಿಗೂದಲಿನ ಸಣ್ಣ ಗಂಟಿಗೆ ಸುಮಿತ್ರ ಹೂ ಮುಡಿಸಿದಳು. ಅವಳು ಎಡಗೈಯಲ್ಲಿ ಕಟ್ಟಿದ ಹೂವು. ಮಧ್ಯಾಹ್ನ ಅಲ್ಲೇ ಊಟವಾಯಿತು, ಪುಳಿಶೇರಿ, ಹಪ್ಪಳ, ಕೊನೆಗೆ ಮೈಸೂರುಪಾಕು. ಹಲ್ಲಿಲ್ಲದ ಕಮಲ ಚೇಚಿ ಅದನ್ನು ಬಾಯಲ್ಲಿ ಕರಗಿಸಿಕೊಳ್ಳುತ್ತಾ, ಈ ಪಟವನ್ನೇ ಒಯ್ಯಿ ಎಂದಳು. ಸುಮಿತ್ರ ಒಪ್ಪಲಿಲ್ಲ. ಅದು ಆ ಗೋಡೆಯದು, ತನ್ನ ಗೋಡೆಗೆ ತಾನೇ ಕೊಂಡು ತರುತ್ತೇನೆ ಎಂದಳು.

ಮರುದಿನ ಹಂಸಾನ ಅಂಗಡಿಯಲ್ಲಿ ಅವಳು ತಲೆ ತಗ್ಗಿಸಿಯೇ ನಿಂತಳು. "ಆ ಪಟ ಬೇಕು ಇಕ್ಕಾ. ಎರಡಡಿ ಉದ್ದ, ತೇಗದ ಚೌಕಟ್ಟು."

"ತಿರುಗಿಸಬೇಕಾ?"

"ಬೇಡ. ಹೇಗಿದೆಯೋ ಹಾಗೆ."

ಹಂಸಾ ಅಳತೆ ಬರೆದುಕೊಂಡ. ನಲವತ್ತು ವರ್ಷ ಕಟ್ಟು ಹಾಕಿದವನಿಗೆ ಪಟ ಕೊಳ್ಳುವವರ ಹುಚ್ಚು ಹೊಸದಲ್ಲ. ಹತ್ತು ದಿನದಲ್ಲಿ ಪಟ ಬಂತು. ದಿನಕರ ಡ್ರಿಲ್ಲು ಹಿಡಿದು ಬಂದರೆ ಅವಳು ಅದನ್ನು ಬದಿಗೆ ಸರಿಸಿ, ಸುತ್ತಿಗೆಯೇ ಬೇಕೆಂದಳು. ಎಲ್ಲಿ ಹೊಡೆಯಬೇಕೆಂದು ಗುರುತು ಮಾಡಲು ಅರ್ಧ ದಿನ ಹಿಡಿಯಿತು. ಮಲಗುವ ಕೋಣೆಯಲ್ಲಿದ್ದ ತವರಿನ ಕನ್ನಡಿ ಬೀರಿನ ಮುಂದೆ ನಿಲ್ಲುವುದು, ಹಾಲಿಗೆ ಓಡುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಮತ್ತೆ ಬೀರಿನ ಮುಂದೆ. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಸುಮಿತ್ರ ಕುರ್ಚಿ ಹತ್ತಿ, ಸ್ವಂತ ಗೋಡೆಗೆ ಮೊದಲ ಮೊಳೆಯನ್ನು ಎಡಗೈಯಲ್ಲಿ ನಾಲ್ಕೇ ಏಟಿಗೆ ಹೊಡೆದಳು.

ಕಥೆಯೆಲ್ಲ ಕೇಳಿಸಿಕೊಂಡಿದ್ದ ದಿನಕರ, "ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಇಷ್ಟು ವರ್ಷ ನೀನು ಅದನ್ನೇ ಹುಡುಕ್ತಿದ್ದೆ," ಎಂದ. "ಸಿಕ್ತಲ್ಲ," ಎಂದಳು ಸುಮಿತ್ರ.

ಸೋಮವಾರ ಬೆಳಿಗ್ಗೆ ಇಂಚರಾ ಆಫೀಸಿಗೆ ಹೊರಟು, ಅಮ್ಮನಿಗೆ ಹೇಳಿ ಹೋಗಲು ಕೋಣೆಗೆ ಬಂದಳು. ಸುಮಿತ್ರ ಬೀರಿನ ಮುಂದೆ ತಲೆ ಬಾಚುತ್ತಾ, ಕನ್ನಡಿಯಲ್ಲಿ ಕಾಣುವ ಹಾಲಿನ ಪಟ ನೋಡಿ ಏನೋ ಹೇಳಿಕೊಂಡು ನಗುತ್ತಿದ್ದಳು. ಇಂಚರಾ ಬಾಗಿಲಲ್ಲೇ ಒಂದು ನಿಮಿಷ ನಿಂತಳು. ಎ.ಸಿ. ಓಡುತ್ತಿತ್ತು, ಹೋಗುವಾಗ ಅಭ್ಯಾಸಬಲದಿಂದ ಬಾಗಿಲೆಳೆಯಲು ಹಿಡಿಯ ಮೇಲೆ ಕೈಯಿಟ್ಟವಳು ಎಳೆಯಲಿಲ್ಲ. ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆರೆದು, ಅದು ತಾನಾಗಿ ಮುಚ್ಚಿಕೊಳ್ಳದ ಹಾಗೆ ಅಲ್ಲಿದ್ದ ಸ್ಟೂಲನ್ನು ಅಡ್ಡ ಇಟ್ಟು ಹೋದಳು.